ಹುಡುಕಿದರೂ ಸಿಗದಾಗ ಏಜೆಂಟ್‌ಗೆ ಏನು ಹೇಳಬೇಕು?

ಸಾವಿರಾರು ಕಡತಗಳ ರಾಶಿಯಲ್ಲಿ ‘ಸಾಫ್ಟ್‌ವೇರ್’ ಎಂಬ ಪದ ಎಲ್ಲೆಲ್ಲಿದೆ ನೋಡು ಎಂದು, ಟೂಲುಗಳನ್ನು ಬಳಸಿ ತಾನೇ ಕೆಲಸ ಮಾಡುವ ಒಂದು ಎಐ ಏಜೆಂಟ್‌ಗೆ ಹೇಳಿದಿರಿ ಅನ್ನಿ. ಅದು ಕೀವರ್ಡ್ ಹುಡುಕುವ ಟೂಲನ್ನು ಬಳಸುತ್ತದೆ. ಉತ್ತರ ಸೊನ್ನೆ. ‘ಆ ಪದ ಎಲ್ಲೂ ಇಲ್ಲ’ ಎಂದು ಏಜೆಂಟ್ ವರದಿ ಒಪ್ಪಿಸುತ್ತದೆ. ನೀವೇ ಒಂದು ಕಡತ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಪದ ಕೂತಿದೆ.

ಎಡವಟ್ಟಾಗಿದ್ದು ‘ಟ್’ ಮತ್ತು ‘ವೇ’ ನಡುವೆ. ಅಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯನ್ನು ಕೆಲವರು ಹಾಕುತ್ತಾರೆ. ಕೆಲವರು ಹಾಕದೆ ‘ಸಾಫ್ಟ್ವೇರ್’ ಎಂದು ಬರೆಯುತ್ತಾರೆ. ನಾವು ಎರಡನ್ನೂ ಒಂದೇ ಎಂದು ಓದುತ್ತೇವೆ. ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ‘ಕೋಶ’ದ ಕಥೆ ಇನ್ನೂ ಸೂಕ್ಷ್ಮ. ಅದರ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು.

ಮನುಷ್ಯನಾದರೆ ‘ಇದ್ದೇ ಇರಬೇಕಲ್ಲ’ ಎಂದು ಅನುಮಾನಪಟ್ಟು ಇನ್ನೊಂದು ರೀತಿಯಲ್ಲಿ ಹುಡುಕುತ್ತಾನೆ. ಏಜೆಂಟ್‌ಗೆ ಟೂಲಿನ ಬಗ್ಗೆ ಗೊತ್ತಿರುವುದು ನಾವು ಬರೆದುಕೊಟ್ಟಷ್ಟೇ: ಟೂಲಿನ ಹೆಸರು, ಒಂದು ವಿವರಣೆ, ಯಾವ ಯಾವ ಮಾಹಿತಿ ಕೊಡಬೇಕೆಂಬ ಪಟ್ಟಿ. 2024ರ ನವೆಂಬರ್‌ನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ, ಏಜೆಂಟುಗಳಿಗೆ ಟೂಲುಗಳನ್ನು ಜೋಡಿಸುವ ನಿಯಮಾವಳಿ ಕೂಡ ಹೆಚ್ಚುಕಡಿಮೆ ಇದೇ ಮೂರನ್ನು ಕೇಳುತ್ತದೆ. ಹಾಗಾಗಿ ಆ ವಿವರಣೆಯನ್ನು ಔಪಚಾರಿಕತೆ ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಏಜೆಂಟ್ ಎಡವುವುದೂ ದಾರಿ ಕಂಡುಕೊಳ್ಳುವುದೂ ಆ ನಾಲ್ಕು ಸಾಲುಗಳಲ್ಲೇ.

ಮೊದಲು ಹೇಳಬೇಕಾದದ್ದು, ಟೂಲ್ ಯಾವ ಜಾತಿಯದು ಎಂಬುದು. 1973ರಷ್ಟು ಹಳೆಯ ಗ್ರೆಪ್‌ನಂಥವು ಪಠ್ಯವನ್ನು ಸಾಲು ಸಾಲಾಗಿ ಜಾಲಾಡುತ್ತವೆ. ‘ಮರ’ ಎಂದು ಕೊಟ್ಟರೆ ‘ಮರದ’, ‘ಮರಕ್ಕೆ’ ಸಿಗುತ್ತವೆ. ಜೊತೆಗೆ ಮರಳು, ಮರಣ, ಅಮರ ಎಲ್ಲವೂ ಬರುತ್ತವೆ. ಇನ್ನೊಂದು ಜಾತಿ ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಕಡತದಲ್ಲಿದೆ ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂದು 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ತೋರಿಸಿಕೊಟ್ಟ ವಿಚಾರ ಇಂದಿಗೂ ಇಂಥ ಹುಡುಕಾಟದ ಬೆನ್ನೆಲುಬು. ಆದರೆ ಇಲ್ಲಿ ‘ಮರ’ ಎಂದರೆ ‘ಮರ’ ಮಾತ್ರ. ವಿಭಕ್ತಿ ಪ್ರತ್ಯಯಗಳನ್ನು ಕಳಚಿ ನೋಡುವ ಏರ್ಪಾಡು ಇಲ್ಲದಿದ್ದರೆ ‘ಮರಕ್ಕೆ’ ಸಿಗುವುದೇ ಇಲ್ಲ. ಒಂದೇ ಪ್ರಶ್ನೆಗೆ ಒಂದು ಟೂಲ್ ಅತಿಯಾಗಿ ಕೊಡುತ್ತದೆ, ಇನ್ನೊಂದು ಏನೂ ಕೊಡದು. ಯಾವುದನ್ನು ಬಳಸುತ್ತಿದ್ದೇನೆಂದು ಗೊತ್ತಿಲ್ಲದ ಏಜೆಂಟ್ ಊಹಿಸಬೇಕಾಗುತ್ತದೆ.

ಇನ್ನು, ಟೂಲ್ ಎಲ್ಲಿ ಹುಡುಕುವುದಿಲ್ಲ ಎಂಬುದನ್ನೂ ಹೇಳಬೇಕು. ವೇಗಕ್ಕೆ ಹೆಸರಾದ ರಿಪ್‌ಗ್ರೆಪ್, ಬೇರೆ ಸೂಚನೆ ಇಲ್ಲದಿದ್ದರೆ, ಅಡಗಿಸಿಟ್ಟ ಕಡತಗಳನ್ನೂ ‘ಗಿಟ್‌ಇಗ್ನೋರ್’ ಎಂಬ, ಲೆಕ್ಕಕ್ಕೆ ಬೇಡವೆಂದು ಪ್ರೋಗ್ರಾಮರ್ ಬರೆದಿಟ್ಟ ಪಟ್ಟಿಯಲ್ಲಿರುವವನ್ನೂ ಮುಟ್ಟುವುದಿಲ್ಲ. ಪ್ರೋಗ್ರಾಮರ್‌ಗೆ ಅದು ವರ. ಏಜೆಂಟ್‌ಗೆ ಹೇಳದಿದ್ದರೆ ಅದೇ ಬಲೆ.

ಹಳೆಯ ಗ್ರೆಪ್‌ನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಪದ ಸಿಕ್ಕರೆ 0, ಸಿಗದಿದ್ದರೆ 1, ಹುಡುಕುವಾಗಲೇ ತೊಂದರೆಯಾದರೆ 2 ಎಂಬ ಸಂಕೇತವನ್ನು ಅದು ಹಿಂದಿರುಗಿಸುತ್ತದೆ. ‘ಸಿಗಲಿಲ್ಲ’ ಬೇರೆ, ‘ಹುಡುಕಲಾಗಲಿಲ್ಲ’ ಬೇರೆ. ಏಜೆಂಟ್‌ಗಾಗಿ ಇದರ ಮೇಲೆ ಹೊದಿಕೆಯಂಥ ಪ್ರೋಗ್ರಾಮ್ ಕಟ್ಟುವವರು ಅವಸರದಲ್ಲಿ ಎರಡಕ್ಕೂ ಖಾಲಿ ಉತ್ತರವನ್ನೇ ಕೊಟ್ಟುಬಿಟ್ಟರೆ, ಆ ವಿವೇಕವೆಲ್ಲ ನೀರುಪಾಲು. ಫೋಲ್ಡರಿನ ಹೆಸರು ತಪ್ಪಾಗಿದ್ದರೂ ಏಜೆಂಟ್ ‘ಪದ ಇಲ್ಲ’ ಎಂದೇ ತಿಳಿಯುತ್ತದೆ.

‘ಕಡತಗಳಲ್ಲಿ ಕೀವರ್ಡ್ ಹುಡುಕುತ್ತದೆ’ ಎಂಬ ಒಂದೇ ಸಾಲಿನ ಬದಲು ನಾನಾದರೆ ಹೀಗೆ ಬರೆಯುತ್ತೇನೆ: ‘ಕೊಟ್ಟ ಪದ ಇದ್ದ ಹಾಗೆಯೇ ಇರುವ ಕಡತಗಳನ್ನು ಕೊಡುತ್ತದೆ. ಪೂರ್ತಿ ವಾಕ್ಯ ಬೇಡ, ಒಂದರಿಂದ ಮೂರು ಪದ ಕೊಡಿ. ಸಮಾನಾರ್ಥಕ ಪದಗಳಾಗಲಿ, ಪ್ರತ್ಯಯ ಸೇರಿದ ರೂಪಗಳಾಗಲಿ ಇದಕ್ಕೆ ತಿಳಿಯವು. ಮೊದಲ 20 ಫಲಿತಾಂಶ ಮಾತ್ರ ಬರುತ್ತವೆ. ಒಟ್ಟು ಎಷ್ಟಿವೆ ಎಂಬುದು ಕೊನೆಯ ಸಾಲಿನಲ್ಲಿರುತ್ತದೆ. ಏನೂ ಸಿಗದಿದ್ದರೆ ಬೇರೆ ಕಾಗುಣಿತದಲ್ಲಿ, ಪದದ ಬೇರೆ ರೂಪದಲ್ಲಿ ಮತ್ತೆ ಹುಡುಕಿ.’ ಪೂರ್ತಿ ವಾಕ್ಯ ಬೇಡ ಎಂದದ್ದು ಸುಮ್ಮನೆ ಅಲ್ಲ. ಏಜೆಂಟಿನ ಹಿಂದಿರುವ ಭಾಷಾ ಮಾದರಿಗೆ ತಾನು ಕೇಳುವ ಪ್ರಶ್ನೆಯನ್ನು ಉದ್ದವಾಗಿ ಬರೆಯುವ ರೂಢಿ, ಅಷ್ಟುದ್ದದ ಸಾಲು ಯಾವ ಕಡತದಲ್ಲೂ ಹಾಗೇ ಇರುವುದಿಲ್ಲ. ಇದಕ್ಕಿಂತ ಹೆಚ್ಚು ಬೆಳೆಸುವುದೂ ಸರಿಯಲ್ಲ. ವಿವರಣೆ ಪ್ರತಿ ಸಲವೂ ಮಾದರಿಯ ಮುಂದೆ ಬಂದು ಕೂರುತ್ತದೆ, ಅಷ್ಟು ಟೋಕನ್, ಅಂದರೆ ಮಾದರಿ ಓದುವ ಪದತುಣುಕುಗಳು, ಖರ್ಚಾಗುತ್ತವೆ.

ಬರೆದ ಮೇಲೆ ಪರೀಕ್ಷೆ ಸುಲಭ. ಗೊತ್ತಿದ್ದೇ ಕಾಣದ ಚಿಹ್ನೆಯಿರುವ ಪದವನ್ನು ಒಂದು ಕಡತದಲ್ಲಿಟ್ಟು, ಚಿಹ್ನೆಯಿಲ್ಲದ ರೂಪವನ್ನು ಹುಡುಕಲು ಏಜೆಂಟ್‌ಗೆ ಹೇಳಿ. ಮೊದಲ ಸೊನ್ನೆ ಬಂದ ಕೂಡಲೇ ಅದು ವರದಿ ಬರೆಯಲು ಹೊರಟಿತೇ, ಇನ್ನೊಂದು ರೂಪ ಹಾಕಿ ನೋಡಿತೇ? ಆಮೇಲೂ ಸಿಗದಿದ್ದರೆ ‘ಇಲ್ಲ’ ಎಂದಿತೇ, ‘ಈ ಎರಡು ರೂಪಗಳಲ್ಲಿ, ಇಷ್ಟು ಕಡತಗಳಲ್ಲಿ ಹುಡುಕಿದೆ, ಸಿಗಲಿಲ್ಲ’ ಎಂದಿತೇ? ಎರಡನೆಯ ಉತ್ತರ ಬರುವವರೆಗೂ ನಾನು ವಿವರಣೆಯನ್ನು ತಿದ್ದುತ್ತಲೇ ಇರುತ್ತೇನೆ.