ಕನಸಿನ ಗುರಿ

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂಬ ತಿಳಿವು ಮೂಡಿದರೆ ಅದು ಲೂಸಿಡ್ ಡ್ರೀಮ್, ಅರಿವಿನ ಕನಸು. ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಇಂಥ ಕನಸನ್ನು ಅಭ್ಯಾಸದಿಂದ ಪಳಗಿಸಿಕೊಳ್ಳುವವರಿಗೆ ಬೇಕಾಗುವುದು ಕನಸಿನ ಗುರಿ. ಕನಸಿನೊಳಗೆ ಅರಿವು ಮೂಡಿದ ಕೂಡಲೇ ಏನು ಮಾಡಬೇಕೆಂದು ಮಲಗುವ ಮೊದಲೇ ನಿಶ್ಚಯಿಸಿಟ್ಟುಕೊಂಡ ಕೆಲಸ ಅದು.

ಈ ವಿಷಯದ ವಿಜ್ಞಾನವೆಲ್ಲ ಹುಟ್ಟಿದ್ದೇ ಅಂಥದೊಂದು ಗುರಿಯಿಂದ. ಕನಸು ಗಾಢವಾಗಿರುವ ರೆಮ್ ನಿದ್ರೆಯಲ್ಲಿ ಮೈಯ ಸ್ನಾಯುಗಳು ಸಡಿಲಬಿದ್ದಿರುತ್ತವೆ, ಕಣ್ಣುಗಳು ಮಾತ್ರ ಚಲಿಸುತ್ತವೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಕೀತ್ ಹರ್ನ್ ಇದನ್ನೇ ಉಪಯೋಗಿಸಿಕೊಂಡರು. ಕನಸೆಂದು ತಿಳಿದಾಗ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕೆಂದು ಅಲನ್ ವರ್ಸ್ಲಿ ಎಂಬುವರೊಂದಿಗೆ ಮೊದಲೇ ಮಾತಾಗಿತ್ತು. ವರ್ಸ್ಲಿ ನಿದ್ರೆಯಲ್ಲಿದ್ದುಕೊಂಡೇ ಆ ಮಾತನ್ನು ನಡೆಸಿಕೊಟ್ಟರು, ಯಂತ್ರ ಅದನ್ನು ದಾಖಲಿಸಿತು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಕನಸಿನೊಳಗಿದ್ದವರಿಗೆ ಎಂಟರಿಂದ ಆರು ಕಳೆದರೆ ಎಷ್ಟು ಎಂಬಂಥ ಲೆಕ್ಕ ಕೇಳಲಾಯಿತು. ಕೆಲವರು ಕಣ್ಣಿನ ಚಲನೆಯಲ್ಲಿಯೇ ಸರಿಯುತ್ತರ ಕೊಟ್ಟರು. ಮಲಗುವ ಮುನ್ನ ಮಾಡಿದ ನಿಶ್ಚಯ ಕನಸಿನ ಒಳಗೂ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗೆಂದು ಅದು ಸುಲಭವಾಗಿ ಉಳಿಯುವುದಿಲ್ಲ. ಯೋಜನೆ, ವಿವೇಚನೆಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳು ರೆಮ್ ನಿದ್ರೆಯಲ್ಲಿ ಮಂಕಾಗಿರುತ್ತವೆ. ತೀರಿಹೋದ ಅಜ್ಜ ಬಾಗಿಲಲ್ಲಿ ನಿಂತಿದ್ದರೂ ನಾವು ಆಶ್ಚರ್ಯಪಡದೆ ಕಾಫಿ ಕೊಡುವುದು ಅದಕ್ಕೇ. ಇಲ್ಲಿ ಬೇಕಾಗುವುದು ಮುಂದೆ ಮಾಡಬೇಕಾದದ್ದನ್ನು ತಕ್ಕ ಹೊತ್ತಿನಲ್ಲಿ ನೆನಪಿಗೆ ತರುವ ಶಕ್ತಿ. ಮನೋವಿಜ್ಞಾನದಲ್ಲಿ ಇದಕ್ಕೆ ಪ್ರಾಸ್ಪೆಕ್ಟಿವ್ ಮೆಮೊರಿ ಎನ್ನುತ್ತಾರೆ. ಮನೆಗೆ ಬರುವಾಗ ಔಷಧಿ ಅಂಗಡಿ ಕಂಡೊಡನೆ ಮಾತ್ರೆ ಕೊಳ್ಳಬೇಕೆಂಬುದು ಹೊಳೆಯುತ್ತದಲ್ಲ, ಅದೇ ನೆನಪು. ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬರ್ಜ್ ರೂಪಿಸಿದ ‘ಮೈಲ್ಡ್’ (MILD, ನೆನಪಿನ ನೆರವಿನಿಂದ ಅರಿವಿನ ಕನಸು ತರಿಸಿಕೊಳ್ಳುವ) ವಿಧಾನ ಪೂರ್ತಿ ಇದನ್ನೇ ನೆಚ್ಚಿಕೊಂಡಿದೆ. ನಸುಕಿನಲ್ಲಿ ಎಚ್ಚರವಾದಾಗ ಈಗಷ್ಟೇ ಕಂಡ ಕನಸನ್ನು ನೆನೆಯಬೇಕು, ಅದರಲ್ಲಿ ‘ಇದು ಕನಸು’ ಎಂದು ಗುರುತಿಸುತ್ತಿರುವಂತೆ ಕಲ್ಪಿಸಿಕೊಳ್ಳಬೇಕು, ‘ಮುಂದಿನ ಸಲ ಕನಸು ಕಾಣುವಾಗ ಅದು ಕನಸೆಂದು ನೆನಪಿಸಿಕೊಳ್ಳುತ್ತೇನೆ’ ಎಂದುಕೊಳ್ಳುತ್ತಾ ಮತ್ತೆ ನಿದ್ದೆಗೆ ಜಾರಬೇಕು. ರೆಮ್ ಅವಧಿಗಳು ಬೆಳಗಿನ ಜಾವಕ್ಕೆ ಉದ್ದವಾಗುವುದರಿಂದ ಆ ಹೊತ್ತೇ ಪ್ರಶಸ್ತ.

ಹಾಗಾದರೆ ಎಂಥ ಗುರಿ ಇಟ್ಟುಕೊಳ್ಳಬೇಕು? ‘ಈ ತಿಂಗಳು ಇಷ್ಟು ಅರಿವಿನ ಕನಸು ಕಾಣುತ್ತೇನೆ’ ಎಂಬ ಗುರಿಯನ್ನು ನಾನು ಒಪ್ಪುವುದಿಲ್ಲ. ಅದು ನಮ್ಮ ಕೈಯಲ್ಲಿಲ್ಲದ ಫಲ. ಬೆಳಿಗ್ಗೆ ಎದ್ದೊಡನೆ, ಮೊಬೈಲ್ ಮುಟ್ಟುವ ಮೊದಲು, ಕನಸನ್ನು ಬರೆದಿಡುವುದು ನಮ್ಮ ಕೈಯಲ್ಲಿದೆ. ಮೊದಲ ಗುರಿ ಅದೇ ಆಗಲಿ. ಕನಸೇ ನೆನಪಿರದವರಿಗೆ ಅರಿವಿನ ಕನಸು ಬಂದರೂ ಬೆಳಿಗ್ಗೆಗೆ ಉಳಿಯದು. ಬರೆಯುತ್ತಾ ಹೋದಂತೆ ಮರಳಿ ಮರಳಿ ಬರುವ ಸಂಗತಿಗಳು ಕಾಣಿಸುತ್ತವೆ: ಓದಿಕೊಳ್ಳದೆ ಹೋದ ಪರೀಕ್ಷೆ, ಮಾರಿಹೋದ ಹಳೆಯ ಮನೆ, ತಪ್ಪಿದ ಬಸ್ಸು. ಇವು ಕನಸಿನ ಕುರುಹುಗಳು. ಎರಡನೆಯ ಗುರಿಯನ್ನು ಇವುಗಳಿಗೇ ಕಟ್ಟಬೇಕು. ‘ಪರೀಕ್ಷಾ ಕೊಠಡಿ ಕಂಡರೆ, ಗೋಡೆಯ ಮೇಲಿನ ಬರಹವನ್ನು ಎರಡು ಸಲ ಓದುತ್ತೇನೆ’ ಎಂಬಂತೆ. ಕನಸಿನಲ್ಲಿ ಅಕ್ಷರಗಳು ಎರಡನೆಯ ಓದಿಗೆ ಬದಲಾಗಿಬಿಡುವುದು ಸಾಮಾನ್ಯ. ‘ಹೀಗಾದರೆ ಹಾಗೆ ಮಾಡುತ್ತೇನೆ’ ಎಂಬ ರೂಪದ ನಿಶ್ಚಯ ಬರೀ ಆಸೆಗಿಂತ ಹೆಚ್ಚು ಫಲಿಸುತ್ತದೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ ಎಚ್ಚರದ ಬದುಕಿನ ಅಧ್ಯಯನಗಳಲ್ಲಿಯೇ ತೋರಿಸಿದ್ದಾರೆ. ಹಗಲಿನಲ್ಲಿಯೂ ಇದರ ತಾಲೀಮು ಬೇಕು. ಇಂದು ನಾಯಿ ಬೊಗಳಿದ್ದು ಕೇಳಿದಾಗಲೆಲ್ಲ ‘ನಾನು ಎಚ್ಚರವಾಗಿದ್ದೇನೆಯೇ?’ ಎಂದು ನಿಜವಾಗಿ, ಅನುಮಾನವಿಟ್ಟು, ಕೇಳಿಕೊಳ್ಳಬೇಕು. ಯಾಂತ್ರಿಕವಾಗಿ ಕೇಳಿಕೊಂಡವರು ಕನಸಿನಲ್ಲಿಯೂ ಯಾಂತ್ರಿಕವಾಗಿಯೇ ಕೇಳಿಕೊಂಡು ‘ಹೌದು’ ಎಂದು ಮುಂದೆ ಹೋಗುತ್ತಾರೆ.

ಕನಸಿನೊಳಗಿನ ಕೆಲಸದ ವಿಷಯಕ್ಕೆ ಬಂದರೆ, ಹೆಚ್ಚಿನವರು ಬಯಸುವುದು ಹಾರುವುದನ್ನು. ಆದರೆ ಕನಸೆಂದು ತಿಳಿದ ಸಂಭ್ರಮದಲ್ಲಿಯೇ ಬಹಳ ಮಂದಿ ಎದ್ದುಬಿಡುತ್ತಾರೆ. ಆದ್ದರಿಂದ ಅಲ್ಲಿ ನೆಲೆನಿಲ್ಲುವುದೇ ಮೊದಲ ಕೆಲಸವಾಗಬೇಕು: ಅಂಗೈಗಳನ್ನು ಉಜ್ಜುವುದು, ನೆಲವನ್ನು ಮುಟ್ಟಿ ನೋಡುವುದು. ಅದಾದ ಮೇಲೆ ಒಂದೇ ಒಂದು ಚಿಕ್ಕ ಕೆಲಸ. ಒಂದು ಬಾಗಿಲು ತೆರೆಯುವುದು, ಎದುರಿಗಿರುವವರನ್ನು ಒಂದು ಪ್ರಶ್ನೆ ಕೇಳುವುದು. ದುಃಸ್ವಪ್ನಗಳಿಂದ ನರಳುವವರು ಅಟ್ಟಿಸಿಕೊಂಡು ಬರುವುದಕ್ಕೆ ಬೆನ್ನು ತೋರದೆ ತಿರುಗಿ ನಿಲ್ಲುವುದನ್ನು ಗುರಿಯಾಗಿಸಿಕೊಳ್ಳಬಹುದು. ಚಿಕಿತ್ಸೆಯಾಗಿಯೂ ಇದನ್ನು ಪ್ರಯತ್ನಿಸಲಾಗಿದೆ, ಅರಿವಿನ ಕನಸಿನ ಬಳಕೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದೂ ಇದೇ.

ಟಿಬೆಟಿನ ಬೌದ್ಧರಿಗೆ ಇದಾವುದೂ ಹೊಸತಲ್ಲ. ಭಾರತದ ಬೌದ್ಧ ಸಿದ್ಧ ನಾರೋಪನ ಹೆಸರಿನಲ್ಲಿರುವ ‘ಆರು ಧರ್ಮ’ಗಳೆಂಬ ಸಾಧನೆಗಳಲ್ಲಿ ಕನಸಿನ ಯೋಗವೂ ಒಂದು. ಎಚ್ಚರದ ಲೋಕವನ್ನೂ ಕನಸೆಂದು ಕಾಣುವ ಹಗಲಿನ ಸಾಧನೆ ಮತ್ತು ಮಲಗುವಾಗಿನ ದೃಢ ಸಂಕಲ್ಪ ಅದರ ಅಡಿಪಾಯ.

ನಸುಕಿನಲ್ಲಿ ಎದ್ದು ಮಲಗುವ ಅಭ್ಯಾಸ ದಿನವೂ ಬೇಡ, ರಜೆಯ ಹಿಂದಿನ ರಾತ್ರಿಗಳಿಗೆ ಸಾಕು. ನಿದ್ದೆಗೆಟ್ಟರೆ ನೆನಪೂ ಕೆಡುತ್ತದೆ. ವಾಸ್ತವ ಮತ್ತು ಭ್ರಮೆಗಳ ಗೆರೆ ಮಸುಕಾಗುವಂಥ ಮಾನಸಿಕ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.