ಹೊಸ ಸ್ಕೋಪ್: ಆಮೇಲೆ ಸೇರಿಸಲಾಗದ್ದನ್ನು ಮೊದಲು ನೋಡಿ

ವಿದ್ಯುತ್ ಸಿಗ್ನಲ್‌ನ ಅಲೆಯನ್ನು ಸ್ಕ್ರೀನಿನಲ್ಲಿ ತೋರಿಸುವ ಆಸಿಲೊಸ್ಕೋಪಿನ ಕೊಟೇಷನ್ ಕೈಗೆ ಬಂದರೆ ಎಲ್ಲರೂ ಮೊದಲು ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ವೇಗದ ಸಿಗ್ನಲ್‌ವರೆಗೆ ಅದು ತೋರಿಸಬಲ್ಲದು ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು, ಆಮೇಲೆ ದುಡ್ಡು ಕೊಟ್ಟರೂ ಸೇರಿಸಲಾಗದ್ದು ಯಾವುದು ಅಂತ. ಯಾವ ಲೈಸೆನ್ಸ್ ಕೀ (ಸ್ಕೋಪಿನಲ್ಲಿ ಹೆಚ್ಚಿನ ಸೌಲಭ್ಯ ತೆರೆಯಲು ಕೊಳ್ಳುವ ಕೋಡ್) ಹಾಕಿದರೂ ಎರಡು ಚಾನೆಲ್ ನಾಲ್ಕಾಗುವುದಿಲ್ಲ. ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್, ಅಂದರೆ ಎಡಿಸಿ, 8 ಬಿಟ್‌ನದಾದರೆ 12 ಬಿಟ್ ಆಗುವುದಿಲ್ಲ. ಪೂರ್ತಿ ಸ್ಕ್ರೀನಿಗೆ 8 ವೋಲ್ಟ್ ಇಟ್ಟರೆ 8 ಬಿಟ್‌ನಲ್ಲಿ ಒಂದೊಂದು ಮೆಟ್ಟಿಲು ಸುಮಾರು 31 ಮಿಲಿವೋಲ್ಟ್, 12 ಬಿಟ್‌ನಲ್ಲಿ 2 ಮಿಲಿವೋಲ್ಟ್. ಪವರ್ ಸಪ್ಲೈ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಬ್ಯಾಂಡ್‌ವಿಡ್ತ್, ಡಿಕೋಡ್ (ಸಿಗ್ನಲ್‌ನಲ್ಲಿರುವ ಡೇಟಾವನ್ನು ಓದಿ ತೋರಿಸುವುದು) ಇವೆಲ್ಲ ಎಷ್ಟೋ ಮಾಡೆಲ್‌ಗಳಲ್ಲಿ ಆಮೇಲೂ ಸಿಗುತ್ತವೆ. ಆದರೆ ಬ್ಯಾಂಡ್‌ವಿಡ್ತ್ ಏರಿಸಿದ ಮಾತ್ರಕ್ಕೆ ಲಾಭ ಆಗಲೇಬೇಕು ಅಂತಿಲ್ಲ. ರಿಗಾಲ್ ಡಿಎಸ್1054ಝಡ್ ತೆಗೆದುಕೊಳ್ಳಿ. ಮೂಲದಲ್ಲಿ ಅದು 50 ಮೆಗಾಹರ್ಟ್ಸ್. ಒಂದೇ ಚಾನೆಲ್ ಬಳಸಿದಾಗ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್. ನಾಲ್ಕೂ ಆನ್ ಮಾಡಿದರೆ ಒಂದೊಂದಕ್ಕೆ 25 ಕೋಟಿ ಮಾತ್ರ. ಬ್ಯಾಂಡ್‌ವಿಡ್ತ್ ಏರಿಸಿ ಅಲ್ಲಿ 100 ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟರೆ ಒಂದು ಸೈಕಲ್‌ಗೆ ಎರಡೂವರೆ ಚುಕ್ಕಿ! ಅಷ್ಟರಲ್ಲಿ ಅಲೆಯ ಆಕಾರವನ್ನು ನಂಬುವುದು ಕಷ್ಟ ಅಲ್ವಾ?

ನಿಮಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು ಅಂತ ತಿಳಿಯಲು ಸುಲಭದ ಲೆಕ್ಕವಿದೆ. 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಸ್ಕೋಪಿನದೇ ರೈಸ್ ಟೈಮ್ (ಅದು ತೋರಿಸಬಲ್ಲ ಅತಿ ವೇಗದ ಏರಿಕೆಗೆ ಹಿಡಿಯುವ ಸಮಯ) ಬರುತ್ತದೆ. 100 ಮೆಗಾಹರ್ಟ್ಸ್‌ಗೆ 3.5 ನ್ಯಾನೊಸೆಕೆಂಡ್. ಮೈಕ್ರೊಕಂಟ್ರೋಲರ್, ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಐ2ಸಿ, ಯುಆರ್ಟ್, ಮೋಟರ್ ಡ್ರೈವ್ ಕೆಲಸಕ್ಕೆ ಇದು ಸಾಕು. ಇನ್ನೊಂದು ಮಾತು: ಸ್ಕೋಪಿನ ಮೇಲೆ ಬರೆದಿರುವ ಬ್ಯಾಂಡ್‌ವಿಡ್ತ್‌ನಷ್ಟೇ ವೇಗದ ಸಿಗ್ನಲ್ ಕೊಟ್ಟರೆ ಅದರ ಎತ್ತರ ಆಗಲೇ ಸುಮಾರು ಶೇಕಡಾ 70ಕ್ಕೆ ಇಳಿದಿರುತ್ತದೆ.

ಅಪ್‌ಗ್ರೇಡ್ ಖರ್ಚು ಲೈಸೆನ್ಸಿಗೇ ಮುಗಿಯುವುದಿಲ್ಲ. 200 ಮೆಗಾಹರ್ಟ್ಸ್‌ಗೆ ಏರಿಸಿ ಹಳೆಯ 100 ಮೆಗಾಹರ್ಟ್ಸ್ ಪ್ರೋಬನ್ನೇ (ಸರ್ಕ್ಯೂಟಿಗೆ ಮುಟ್ಟಿಸುವ ಅಳತೆಯ ತಂತಿ) ಹಾಕಿದರೆ ದುಡ್ಡು ಸುಮ್ನೆ ಹೋಯಿತು. ಸಿಗ್ಲೆಂಟ್ ಎಸ್‌ಡಿಎಸ್1104ಎಕ್ಸ್-ಇ ಸ್ಕೋಪಿನಲ್ಲಿ 16 ಡಿಜಿಟಲ್ ಚಾನೆಲ್ (0 ಅಥವಾ 1 ಮಾತ್ರ ತೋರಿಸುವಂಥವು) ಬೇಕಾದರೆ ಲೈಸೆನ್ಸೂ ಬೇಕು, ಬೇರೆ ಲಾಜಿಕ್ ಪ್ರೋಬೂ ಬೇಕು. ಹಾಗಾಗಿ ಇವೆಲ್ಲದರ ಬೆಲೆಯನ್ನೂ ಜಿಎಸ್‌ಟಿ ಸೇರಿಸಿ ಮೊದಲ ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. ಕೀ ಸಾಮಾನ್ಯವಾಗಿ ಆ ಒಂದು ಸ್ಕೋಪಿನ ಸೀರಿಯಲ್ ನಂಬರಿಗೆ ಕಟ್ಟಿರುತ್ತದೆ, ಇನ್ನೊಂದಕ್ಕೆ ಹಾಕಲು ಬರುವುದಿಲ್ಲ.

ಮೇನ್ಸ್ ಕಡೆ ಅಳೆಯುವವರಿಗೆ ನನ್ನ ಕಳಕಳಿಯ ಮಾತು. ಬೆಂಚ್ ಸ್ಕೋಪಿನ ಪ್ರೋಬ್ ಗ್ರೌಂಡ್ ಕ್ಲಿಪ್ ನೇರವಾಗಿ ಅರ್ಥಿಂಗ್‌ಗೆ ಸೇರಿರುತ್ತದೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿಗೆ, ಅಂದರೆ ಅದರ ಮೇನ್ಸ್ ಕಡೆಯ ಭಾಗಕ್ಕೆ, ಅದನ್ನು ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಅರ್ಥ್ ಪಿನ್ ತೆಗೆದು ಅಳೆಯುವವರೂ ಇದ್ದಾರೆ. ಆಗ ಸ್ಕೋಪಿನ ಮೈಗೇ ಕರೆಂಟ್ ಬರಬಹುದು, ಜೀವಕ್ಕೇ ಅಪಾಯ. ಅಲ್ಲಿಗೆ ಬೇಕಾಗಿರುವುದು ಹೈವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್, ಅಂದರೆ ಯಾವ ತುದಿಯನ್ನೂ ಅರ್ಥಿಂಗ್‌ಗೆ ಸೇರಿಸದೆ ಎರಡು ಜಾಗಗಳ ನಡುವಿನ ವೋಲ್ಟೇಜ್ ಅಳೆಯುವ ಪ್ರೋಬ್. ಅದಕ್ಕೂ ಬ್ಯಾಂಡ್‌ವಿಡ್ತ್ ಲೈಸೆನ್ಸಿಗೂ ಸೇರಿ ದುಡ್ಡು ಸಾಲದಿದ್ದರೆ ಪ್ರೋಬನ್ನೇ ಕೊಳ್ಳಿ.