200 ಬಂದ ತಕ್ಷಣ ಆರ್ಡರ್ ಒಪ್ಪಿಕೊಂಡ ಹಾಗಲ್ಲ ಸ್ವಾಮಿ

ಹಳೇ ಇಡಿಐ (ಕಂಪನಿಗಳು ಆರ್ಡರ್, ಬಿಲ್ಲುಗಳನ್ನ ಗೊತ್ತುಮಾಡಿದ ಫೈಲ್ ರೂಪದಲ್ಲಿ ಕಂಪ್ಯೂಟರಿಂದ ಕಂಪ್ಯೂಟರಿಗೆ ಕಳಿಸೋ ಪದ್ಧತಿ) ಮುಂದೆ ಹೊಸ ಎಪಿಐ (ಸಾಫ್ಟ್‌ವೇರ್‌ಗಳು ವೆಬ್ ಮೂಲಕ ಮಾತಾಡೋ ದಾರಿ) ಕೂರಿಸಿದ ಮೇಲೆ ಎಲ್ಲಾ ಕಡೆ ಮೊದಲು ಆಗೋ ಕೆಲಸ ಒಂದೇ, ಡ್ಯಾಶ್‌ಬೋರ್ಡಲ್ಲಿ ಆರ್ಡರ್ ಪಕ್ಕ ಹಸಿರು ಟಿಕ್ ಹಾಕೋದು. ಆ ಟಿಕ್ ಯಾವಾಗ ಬೀಳುತ್ತೆ ಅಂತ ಕೇಳಿದ್ರೆ "200 ಬಂದ ತಕ್ಷಣ ಸಾರ್" ಅಂತಾರೆ. ನಂಗೆ ತಲೆ ಕೆಡೋದು ಅಲ್ಲೇ.

200 ಅಂದ್ರೆ ವೆಬ್ ಸರ್ವರ್ 'ಸರಿ' ಅಂತ ಕೊಡೋ ಕೋಡ್. ಅದು ಹೇಳೋದು ಇಷ್ಟೇ, ನಿಮ್ಮ ಜೇಸನ್ (ಎಪಿಐಗೆ ಕಳಿಸೋ ಡೇಟಾ) ನಿಮ್ಮದೇ ಗೇಟ್‌ವೇಗೆ ತಲುಪ್ತು. ಆ ಡೇಟಾ ಟ್ರಾನ್ಸ್‌ಲೇಟರಲ್ಲಿ ಎಕ್ಸ್12 ಅನ್ನೋ ಇಡಿಐ ಮಾನದಂಡದ 850, ಅಂದ್ರೆ ಖರೀದಿ ಆರ್ಡರ್ ಫೈಲ್ ಆಗಿ, ಎಎಸ್2 (ಇಂಟರ್ನೆಟ್ಟಲ್ಲಿ ನೇರವಾಗಿ ಫೈಲ್ ಕಳಿಸೋ ವಿಧಾನ) ಮೇಲೋ ವ್ಯಾನ್ (ಇಡಿಐ ಫೈಲ್ ದಾಟಿಸೋ ಮಧ್ಯವರ್ತಿ ಜಾಲ) ಮೂಲಕವೋ ಮಾರೋರ ಕಡೆ ಹೋಗೋದು ಇನ್ನೂ ಬಾಕಿ ಇದೆ. ಎಎಸ್2 ಆದ್ರೆ ಎಂಡಿಎನ್ ಬರುತ್ತೆ, ಫೈಲ್ ಕೈಗೆ ಸಿಕ್ತು ಅನ್ನೋ ರಸೀದಿ ಅದು. ಆಮೇಲೆ 997 ಬರುತ್ತೆ, ಫೈಲಿನ ರಚನೆ ನೋಡಿ ಕೊಡೋ ಉತ್ತರ ಅದು, ಅದರಲ್ಲಿ 'ಎ' ಅಂತ, ಅಂದ್ರೆ ಅಕ್ಸೆಪ್ಟೆಡ್ ಅಂತ ಇರೋದ್ರಿಂದ ಜನ ನೆಮ್ಮದಿಯಾಗಿ ಮನೆಗೆ ಹೋಗ್ತಾರೆ. ಅಕ್ಸೆಪ್ಟ್ ಆಗಿದ್ದಾದ್ರೂ ಏನು? ಸೆಗ್ಮೆಂಟ್‌ಗಳು (ಫೈಲಿನ ಸಾಲುಗಳು) ಸರಿಯಾಗಿವೆ, ಕಡ್ಡಾಯ ಎಲಿಮೆಂಟ್ (ಸಾಲಿನೊಳಗಿನ ಮಾಹಿತಿ) ಬಿಟ್ಟಿಲ್ಲ, ಎಣಿಕೆ ತಾಳೆ ಆಗಿದೆ, ಅಷ್ಟೇ. ಅವರ ಕ್ಯಾಟಲಾಗಲ್ಲೇ ಇಲ್ಲದ ಐಟಂ ಕೋಡ್ ಹಾಕಿ ಕಳಿಸಿದ್ರೂ 997 'ಎ' ಅಂತಲೇ ಬರಬಹುದು. ಸರಕು ಕೊಡ್ತೀವೋ ಇಲ್ವೋ ಅನ್ನೋ ಉತ್ತರ ಇರೋದು 855ರಲ್ಲಿ, ಅಂದ್ರೆ ಆರ್ಡರಿಗೆ ಮಾರೋರು ಕಳಿಸೋ ಮರುಫೈಲಲ್ಲಿ, ಎಡಿಫ್ಯಾಕ್ಟ್ (ಎಕ್ಸ್12 ಥರದ್ದೇ ಇನ್ನೊಂದು ಮಾನದಂಡ) ಬಳಸೋರಿಗೆ ಆರ್ಡರ್ ರೆಸ್ಪಾನ್ಸ್ ಮೆಸೇಜಲ್ಲಿ.

ಒಂದು ಕಂಪನೀಲಿ 855 ಸರಿಯಾಗೇ ಬರ್ತಿತ್ತು, ಒಂದೊಂದು ಲೈನಿಗೂ 'ಐಬಿ', ಅಂದ್ರೆ ಬ್ಯಾಕ್‌ಆರ್ಡರ್, ಈಗ ಸ್ಟಾಕ್ ಇಲ್ಲ, ಬಂದ ಮೇಲೆ ಕೊಡ್ತೀವಿ ಅಂತ. ಆದ್ರೆ ಅದನ್ನ ಓದಿ ಎಪಿಐ ಕಡೆ ದಾಟಿಸೋ ಮ್ಯಾಪ್ ಯಾರೂ ಬರೆದೇ ಇರಲಿಲ್ಲ, ಫೈಲ್‌ಗಳು ಫೋಲ್ಡರಲ್ಲಿ ಕೊಳೀತಾ ಬಿದ್ದಿದ್ವು, ಗೋದಾಮಿನವರು ಫೋನ್ ಮಾಡಿ ಮಾಲೆಲ್ಲಿ ಅಂತ ಬಯ್ಯೋದು, ಹುಡುಗರು ಹಸಿರು ಟಿಕ್‌ನ ಸ್ಕ್ರೀನ್‌ಶಾಟ್ ಕಳಿಸೋದು. ಕೊನೆಗೆ ಬೇಸತ್ತು ಅದೇ ಆರ್ಡರನ್ನ ಬೇರೆ ಪಿಒ (ಖರೀದಿ ಆರ್ಡರ್) ನಂಬರಲ್ಲಿ ಮತ್ತೆ ಹಾಕಿದ್ರು, ಸ್ಟಾಕ್ ಬಂದಾಗ ಎರಡೂ ಒಟ್ಟಿಗೆ ಬಂದಿಳಿದ್ವು. ಹುಡುಗರನ್ನ ಬಯ್ಯೋಕೆ ಮನಸ್ಸು ಬರಲ್ಲ, ಪಾಪ, ಇಡಿಐ ಕಡೆ ಏನು ನಡೀತಿದೆ ಅಂತ ಅವರಿಗೆ ಯಾರೂ ತೋರಿಸೇ ಇರಲಿಲ್ಲ.

ಹಾಗಾಗಿ ಎಪಿಐ 200ರ ಬದಲು 202 ಕೊಡ್ಲಿ, ತಗೊಂಡಿದೀವಿ, ಕೆಲಸ ಇನ್ನೂ ಮುಗಿದಿಲ್ಲ ಅಂತ. ನಿಜವಾದ ಸ್ಟೇಟಸ್ ಆಮೇಲೆ ವೆಬ್‌ಹುಕ್ಕಲ್ಲಿ (ಸುದ್ದಿ ಬಂದಾಗ ಸರ್ವರ್ ತಾನಾಗೇ ಕಳಿಸೋ ಸಂದೇಶ) ಹೋಗ್ಲಿ. ಇಲ್ಲೊಂದು ಸಣ್ಣ ತೊಡಕಿದೆ, 997ರಲ್ಲಿ ಪಿಒ ನಂಬರೇ ಇರಲ್ಲ, ಗ್ರೂಪ್ ಮತ್ತೆ ಟ್ರಾನ್ಸಾಕ್ಷನ್ನಿನ ಕಂಟ್ರೋಲ್ ನಂಬರ್ (850 ತಯಾರಿಸುವಾಗ ಅದಕ್ಕೆ ಹಾಕೋ ಗುರುತಿನ ಸಂಖ್ಯೆ) ಮಾತ್ರ ಇರುತ್ತೆ. 850 ತಯಾರಾಗೋ ಹೊತ್ತಿಗೇ ಯಾವ ಪಿಒಗೆ ಯಾವ ಕಂಟ್ರೋಲ್ ನಂಬರ್ ಅಂತ ಬರೆದಿಟ್ಕೊಳ್ಳಿ, ಆಮೇಲೆ ಲಾಗ್ ಕೆದಕಿ ಹುಡುಕೋಕೆ ಹೋದ್ರೆ ಕಣ್ಣೀರು ಬರುತ್ತೆ. 855ರಲ್ಲಿ ಪಿಒ ನಂಬರ್ ವಾಪಸ್ ಬರುತ್ತೆ, ಅದು ಸಲೀಸು.

ಎಲ್ಲಾ ಪಾರ್ಟ್‌ನರ್‌ಗಳೂ 855 ಕಳಿಸಲ್ಲ, ಕೆಲವರು ನೇರವಾಗಿ 856 (ಮಾಲು ಕಳಿಸೋ ಸೂಚನೆ) ಕಳಿಸ್ತಾರೆ, ಅದಕ್ಕೇ ಅವರ ಗೈಡ್ ಓದದೆ ನಾನು ಯಾರಿಗೂ ಖಚಿತವಾಗಿ ಹೇಳಲ್ಲ. ಅಂಥವರ ಆರ್ಡರಿಗೆ "ಕಳಿಸಿದೆ, ಉತ್ತರ ಬಂದಿಲ್ಲ" ಅಂತ ತೋರಿಸಿ, ಬಣ್ಣ ಯಾವುದಾದ್ರೂ ಹಾಕಿ, ಹಸಿರು ಒಂದು ಬೇಡ.